ಕಸದ ಚೀಲದೊಳಗಿನ ಆಸಿಡ್ ಮತ್ತು ಸುಣ್ಣ: ಸಂಗ್ರಹಕ್ಕೆ ಹೋಗುವವರಿಗೆ ಸುಟ್ಟ ಗಾಯವಾಗದಂತೆ ಏನು ಮಾಡಬಹುದು?

ಪ್ರಶ್ನೆ: ಒಕ್ಕೂಟದ ಮೇಲ್ವಿಚಾರಕಿ, ಸೋಮವಾರಪೇಟೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಗ್ರಾಮ ಪಂಚಾಯಿತಿಯ ಸ್ವಚ್ಛ ವಾಹಿನಿಯನ್ನು ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟವೇ ನಡೆಸುತ್ತಿದ್ದು, ಗಾಡಿ ಓಡಿಸುವವರೂ ಕಸ ಎತ್ತುವವರೂ ನಮ್ಮ ಸಂಘಗಳ ಹೆಣ್ಣುಮಕ್ಕಳೇ ಆಗಿದ್ದಾರೆ. ಒಣ ಕಸವೆಂದು ಕೊಡುವ ಚೀಲಗಳಲ್ಲಿ ಗಾಜಿನ ಚೂರು, ಬ್ಲೇಡು ಬರುವುದು ನಮಗೆ ಹೊಸದಲ್ಲ. ಅದಕ್ಕೆ ತಕ್ಕ ಎಚ್ಚರಿಕೆಯನ್ನು ಎಲ್ಲರೂ ರೂಢಿಸಿಕೊಂಡಿದ್ದಾರೆ. ಆದರೆ ಈ ಮಳೆಗಾಲದಲ್ಲಿ ನಡೆದ ಎರಡು ಘಟನೆಗಳನ್ನು ನೋಡಿದ ಮೇಲೆ, ರಾಸಾಯನಿಕಗಳ ವಿಷಯದಲ್ಲಿ ನಮಗೆ ಏನೂ ತಿಳಿದಿಲ್ಲ ಎಂಬುದು ಮನವರಿಕೆಯಾಗಿದೆ.

ಮೊದಲನೆಯದು, ಒಂದು ಹೋಂಸ್ಟೇಯ ಚೀಲವನ್ನು ತಳಕ್ಕೆ ಕೈಕೊಟ್ಟು ಎತ್ತಿದಾಗ ಒಳಗಿದ್ದ ಶೌಚಾಲಯ ತೊಳೆಯುವ ಆಸಿಡ್ ಸೋರಿ, ಎತ್ತಿದವರ ನೂಲಿನ ಕೈಗವಸಿಗೆ ಇಳಿದದ್ದು. ಮಳೆಯಲ್ಲಿ ಕೈಗವಸು ಹೇಗೂ ಒದ್ದೆಯಾಗಿಯೇ ಇರುವುದರಿಂದ ಅವರಿಗೆ ಅದು ಗೊತ್ತಾಗಲಿಲ್ಲ. ಮುಂದಿನ ನಾಲ್ಕಾರು ಮನೆ ಮುಗಿಸುವಷ್ಟರಲ್ಲಿ ಮಣಿಕಟ್ಟು ಉರಿಯತೊಡಗಿತು; ಕೈಗವಸು ಕಳಚಿ ನೋಡಿದರೆ, ಅದರ ಬಿಗಿಯಾದ ಅಂಚು ಕೂತಿದ್ದ ಜಾಗದಲ್ಲಿ ಸುತ್ತಲೂ ಚರ್ಮ ಕೆಂಪಾಗಿ ನಡುನಡುವೆ ಬಿಳಿಚಿಕೊಂಡಿತ್ತು.

ಎರಡನೆಯದು, ತೋಟವೊಂದರ ಲೈನ್ ಮನೆಗಳ ಬಳಿ ಇಟ್ಟಿದ್ದ ಹಳೆಯ ಗೊಬ್ಬರದ ಚೀಲವನ್ನು ಹೆಗಲಿಗೇರಿಸಿದಾಗ ಅದರಲ್ಲಿದ್ದ ಸುಣ್ಣದ ಪುಡಿ ಕುತ್ತಿಗೆಯ ಮೇಲೆ ಸುರಿದು, ರೇನ್‌ಕೋಟಿನ ಕಾಲರಿನೊಳಗೆ ಇಳಿದದ್ದು. ಒದ್ದೆ ಟವೆಲಿನಿಂದ ಒರೆಸಿದಷ್ಟೂ ಉರಿ ಹೆಚ್ಚಾಯಿತು. ಅಲ್ಲಿದ್ದವರೊಬ್ಬರು, ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ, ಆದ್ದರಿಂದ ನೀರು ಸೋಕಿಸಲೇಬೇಡಿ ಎಂದರು. ಇನ್ನೊಬ್ಬರು ನಿಂಬೆಹಣ್ಣು ಹಿಂಡಿದರೆ ಸುಣ್ಣದ ಖಾರ ಸಾಯುತ್ತದೆ ಎಂದರು. ಕೊನೆಗೆ ಕೊಬ್ಬರಿ ಎಣ್ಣೆ ಹಚ್ಚಿ ಆಸ್ಪತ್ರೆಗೆ ಕರೆದೊಯ್ದೆವು. ಈಗ ಇಬ್ಬರೂ ಗುಣವಾಗಿದ್ದಾರೆ, ಕುತ್ತಿಗೆಯ ಮೇಲಿನ ಕಲೆ ಮಾತ್ರ ಹಾಗೆಯೇ ಉಳಿದಿದೆ.

ತಿಳಿದವರಲ್ಲಿ ನನ್ನ ವಿನಂತಿ ಇಷ್ಟು. ಸುಣ್ಣ ಬಿದ್ದರೆ ನೀರು ಹಾಕಬೇಕೋ ಬಾರದೋ? ನೂಲಿನ ಕೈಗವಸಿಗೆ ಬದಲಾಗಿ ಯಾವುದನ್ನು ಕೊಡಬೇಕು? ನಮ್ಮ ಜಿಲ್ಲೆಯಲ್ಲಿ ಮನೆ, ತೋಟ, ಹೋಂಸ್ಟೇಗಳಿಂದ ಬರುವ ಕಸದಲ್ಲಿ ಇಂತಹ ವಸ್ತುಗಳು ಯಾವುವು, ಅವನ್ನು ಹೊರಗಿನಿಂದಲೇ ಗುರುತಿಸುವುದು ಹೇಗೆ? ಅನುಮಾನ ಬಂದ ಚೀಲವನ್ನು ತೆಗೆದುಕೊಳ್ಳುವುದಿಲ್ಲ ಎನ್ನಲು ನಮಗೆ ಅಧಿಕಾರವಿದೆಯೇ? ಚಿಕಿತ್ಸೆಯ ಖರ್ಚು ಯಾರ ಪಾಲಿಗೆ ಬರಬೇಕು ಎಂಬುದರ ಬಗ್ಗೆಯೂ ಯಾರಾದರೂ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಶುಶ್ರೂಷಕಿ, ವಿರಾಜಪೇಟೆ

ಅಕ್ಕನವರೇ, ಸುಣ್ಣದ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಅರಳಿಸದ ಸುಟ್ಟ ಸುಣ್ಣಕ್ಕೆ ನೀರು ತಾಗಿದರೆ ಬಿಸಿ ಹುಟ್ಟುವುದು ಸತ್ಯ. ಆದರೆ ಆ ಬಿಸಿ ಮೈಯನ್ನು ಸುಡುವುದು ನೀರು ಕಡಿಮೆಯಾದಾಗ. ಬೆವರು, ಮಳೆಹನಿ, ಒದ್ದೆ ಟವೆಲು, ಇವೆಲ್ಲ ಸುಣ್ಣವನ್ನು ಕೆರಳಿಸಲು ಸಾಕಾಗುವಷ್ಟು ನೀರನ್ನು ಕೊಡುತ್ತವೆಯೇ ಹೊರತು ಅದನ್ನು ತೊಳೆದು ಒಯ್ಯುವಷ್ಟನ್ನು ಕೊಡುವುದಿಲ್ಲ. ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಬಟ್ಟೆ ಕಳಚಿ, ಒಣಗಿದ ಬಟ್ಟೆಯಿಂದಲೋ ಮೃದುವಾದ ಬ್ರಷ್ಷಿನಿಂದಲೋ ಪುಡಿಯನ್ನು ಮೈಯಿಂದ ಕೊಡವಬೇಕು, ಕೊಡವುವಾಗ ಅದು ಕಣ್ಣು ಮೂಗಿಗೆ ಹಾರದಂತೆ ನೋಡಿಕೊಳ್ಳಬೇಕು, ಆಮೇಲೆ ಹರಿಯುವ ನೀರನ್ನು ಧಾರಾಳವಾಗಿ ಬಿಡಬೇಕು. ಪುಡಿಯಲ್ಲದೆ ದ್ರವ ಬಿದ್ದಿದ್ದರೆ ಕೊಡವುವ ಮಾತಿಲ್ಲ, ನೇರವಾಗಿ ನೀರು.

ಧಾರಾಳ ಎಂದರೆ ಒಂದು ಚೊಂಬು ಸುರಿದು ಮುಗಿಸುವುದಲ್ಲ. ಆಸಿಡ್ ಆಗಿದ್ದರೆ ಕನಿಷ್ಠ 20 ನಿಮಿಷ, ಸುಣ್ಣ ಅಥವಾ ಕಾಸ್ಟಿಕ್ ಸೋಡಾದಂತಹ ಕ್ಷಾರವಾಗಿದ್ದರೆ ಅದಕ್ಕಿಂತಲೂ ಹೆಚ್ಚು ಹೊತ್ತು, ಕೆಲವೊಮ್ಮೆ ಒಂದು ಗಂಟೆಯವರೆಗೂ ತೊಳೆಯಬೇಕಾಗುತ್ತದೆ. ಈ ವ್ಯತ್ಯಾಸಕ್ಕೆ ಕಾರಣವಿದೆ. ಆಸಿಡ್ ತಾಗಿದಾಗ ಚರ್ಮದ ಪ್ರೋಟೀನು ಹುಳಿ ಹಿಂಡಿದ ಹಾಲಿನಂತೆ ಒಡೆದು ಗಟ್ಟಿಯಾಗುತ್ತದೆ, ಹಾಗೆ ಗಟ್ಟಿಯಾದ ಪದರವೇ ಆಸಿಡ್ಡು ಇನ್ನಷ್ಟು ಕೆಳಗಿಳಿಯುವುದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಕ್ಷಾರಕ್ಕೆ ಅಂತಹ ತಡೆಯಿಲ್ಲ. ಅದು ಚರ್ಮದ ಕೊಬ್ಬನ್ನು ಸಾಬೂನಾಗಿಸುತ್ತ, ಅಂಗಾಂಶವನ್ನು ಕರಗಿಸುತ್ತ ಆಳಕ್ಕೆ ಹೋಗುತ್ತದೆ. ಕೈಗೆ ಕ್ಷಾರ ತಾಗಿದಾಗ ಬೆರಳುಗಳು ಜಾರುಜಾರಾಗಿ ಎನಿಸುವುದು ಇದೇ ಕಾರಣಕ್ಕೆ. ಎಷ್ಟೋ ಸಲ ಮೊದಲಿಗೆ ನೋವೂ ಇರುವುದಿಲ್ಲ. ಹಾಗಾಗಿ ಉರಿ ಇಲ್ಲವೆಂದು ತೊಳೆಯುವುದನ್ನು ಮುಂದೂಡಬಾರದು, ತೊಳೆದ ಮೇಲೂ ಜಾರುತ್ತಿದ್ದರೆ ನಿಲ್ಲಿಸಬಾರದು.

ನಿಂಬೆಹಣ್ಣು ಬೇಡ. ಆಸಿಡ್ಡಿಗೆ ಅಡುಗೆ ಸೋಡಾ ಹಾಕುವುದೂ ಬೇಡ. ಹುಳಿ ಮತ್ತು ಕ್ಷಾರ ಸೇರಿದರೆ ಮತ್ತಷ್ಟು ಬಿಸಿ ಹುಟ್ಟುತ್ತದೆ, ಆ ಬಿಸಿಯೂ ಗಾಯದ ಮೇಲೆಯೇ. ಕೊಬ್ಬರಿ ಎಣ್ಣೆ, ಅರಿಸಿನ, ಟೂತ್‌ಪೇಸ್ಟು, ಕಾಫಿಪುಡಿ ಇವೆಲ್ಲ ರಾಸಾಯನಿಕವನ್ನು ಚರ್ಮಕ್ಕೆ ಅಂಟಿಸಿ ಹಿಡಿಯುತ್ತವೆ. ಆಸ್ಪತ್ರೆಯಲ್ಲಿ ನಾವು ಮೊದಲು ಅದನ್ನೆಲ್ಲ ತೆಗೆಯಬೇಕಾಗುತ್ತದೆ, ಅದು ರೋಗಿಗೆ ಗಾಯಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ಕಣ್ಣಿಗೆ ಬಿದ್ದರೆ ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹರಿಯುವಂತೆ ತೊಳೆಯಬೇಕು. ಇಲ್ಲವಾದರೆ ಒಂದು ಕಣ್ಣಿನದು ಇನ್ನೊಂದಕ್ಕೆ ಇಳಿಯುತ್ತದೆ. ಸುಣ್ಣದ ಹರಳು ಮೇಲಿನ ರೆಪ್ಪೆಯ ಒಳಗೆ ಅಂಟಿಕೊಂಡು ಗಂಟೆಗಟ್ಟಲೆ ಸುಡುತ್ತಿರುತ್ತದೆ, ಅದನ್ನು ರೆಪ್ಪೆ ಮಡಚಿ ತೆಗೆಯಬೇಕಾದ್ದರಿಂದ ಕಣ್ಣಿನ ವಿಷಯದಲ್ಲಿ ತೊಳೆದ ಮೇಲೆ ಆಸ್ಪತ್ರೆಗೆ ಬರಲೇಬೇಕು. ಮುಖ, ಅಂಗೈ, ಪಾದ, ಕೀಲುಗಳ ಮೇಲಿನ ಗಾಯಕ್ಕೂ, ಬಿಳಿಚಿ ಅಥವಾ ಕಪ್ಪಾಗಿ ಗಡುಸಾದ ಗಾಯಕ್ಕೂ ಇದೇ ಮಾತು ಅನ್ವಯಿಸುತ್ತದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೊಂದನ್ನು ಒತ್ತಿ ಹೇಳಬೇಕು. ಒಳಗಿನ ಊರಿಗೆ 108 ಬಂದು, ಅಲ್ಲಿಂದ ಮಡಿಕೇರಿಗೆ ತಲುಪಿ, ಅಗತ್ಯ ಬಿದ್ದರೆ ಮೈಸೂರಿಗೋ ಮಂಗಳೂರಿಗೋ ಹೋಗುವಷ್ಟರಲ್ಲಿ ಗಾಯದ ಆಳ ನಿರ್ಧಾರವಾಗಿಬಿಟ್ಟಿರುತ್ತದೆ. ಆ ಆಳವನ್ನು ಕಡಿಮೆ ಮಾಡಲು ಸಾಧ್ಯವಿರುವುದು ಬಿದ್ದ ಜಾಗದಲ್ಲಿ, ಮೊದಲ ಕೆಲವು ನಿಮಿಷಗಳಲ್ಲಿ ಮಾತ್ರ. ಆದ್ದರಿಂದ ಗಾಡಿಯಲ್ಲಿ ಬೇರೇನಿರಲಿ ಬಿಡಲಿ, ನಲ್ಲಿ ಕೂಡಿಸಿದ 20 ಲೀಟರಿನ ಒಂದು ನೀರಿನ ಕ್ಯಾನ್ ಇರಬೇಕು. ನಿಮಿಷಕ್ಕೆ ಒಂದು ಲೀಟರಿನಂತೆ ಬಿಟ್ಟರೆ ಕಣ್ಣನ್ನೋ ಕೈಯನ್ನೋ ಅದರಿಂದ 20 ನಿಮಿಷ ತೊಳೆಯಬಹುದು. ಮೈಮೇಲೆ ಹೆಚ್ಚು ಬಿದ್ದಿದ್ದರೆ ಕ್ಯಾನಿನ ನೀರಿನಲ್ಲಿ ಶುರು ಮಾಡಿ, ಹತ್ತಿರದ ಮನೆಯ ನಲ್ಲಿಗೋ ಪೈಪಿಗೋ ಹೋಗಿ ಮುಂದುವರಿಸಿ. ಏನೂ ಇಲ್ಲದ ಜಾಗದಲ್ಲಿ ತೋಡಿನ ನೀರಾದರೂ ಆಗುತ್ತದೆ. ಸೋಂಕಿನ ಯೋಚನೆ ಆಮೇಲೆ.

ಜೊತೆಗೆ ಒಂದು ಹಳೆಯ ಬೆಡ್‌ಶೀಟು, ಒಂದು ಜೊತೆ ಬಟ್ಟೆ ಗಾಡಿಯಲ್ಲಿರಲಿ. ಹೆಣ್ಣುಮಕ್ಕಳು ರಸ್ತೆಯಲ್ಲಿ ನಿಂತು ಬಟ್ಟೆ ಕಳಚಲು ಹಿಂಜರಿಯುವುದು ಸಹಜ, ಮತ್ತು ಆ ಹಿಂಜರಿಕೆಯಲ್ಲಿಯೇ ರಾಸಾಯನಿಕದಲ್ಲಿ ನೆನೆದ ಬಟ್ಟೆ ಮೈಗಂಟಿಕೊಂಡು ಉಳಿಯುತ್ತದೆ. ಇಬ್ಬರು ಶೀಟು ಹಿಡಿದು ಮರೆ ಮಾಡಿದರೆ ಈ ತೊಡಕು ಬಗೆಹರಿಯುತ್ತದೆ. ಬಟ್ಟೆಯನ್ನು ತಲೆಯ ಮೇಲಿಂದ ಎಳೆಯಬೇಡಿ, ಕತ್ತರಿಸಿ ತೆಗೆಯಿರಿ. ಬಳೆ, ಉಂಗುರಗಳನ್ನೂ ತೆಗೆಸಿ.

ಉತ್ತರ: ಕಾಫಿ ಬೆಳೆಗಾರ, ಚೆಟ್ಟಳ್ಳಿ ಕಡೆ

ತೋಟಗಳಿಂದ ಏನೇನು ಬರುತ್ತದೆ ಎಂಬ ಪ್ರಶ್ನೆಗೆ ಬೆಳೆಗಾರರೇ ಉತ್ತರಿಸಬೇಕಾದ್ದು ನ್ಯಾಯ. ನಾವು ಕೊಡುವ ಚೀಲದಲ್ಲಿ ಏನಿದೆ ಎಂದು ನಮಗೇ ತಿಳಿದಿರುವುದಿಲ್ಲ ಎಂಬುದು ಇದರಲ್ಲಿನ ಮುಜುಗರದ ಭಾಗ, ಏಕೆಂದರೆ ಗೋದಾಮು ಗುಡಿಸುವುದು ತೋಟದ ಲೆಕ್ಕಪತ್ರ ನೋಡುವ ರೈಟರಿಗೆ ಬಿಟ್ಟ ಕೆಲಸ, ರೈಟರು ಅದನ್ನು ಇನ್ನೊಬ್ಬರಿಗೆ ಬಿಟ್ಟಿರುತ್ತಾರೆ.

ಸುಣ್ಣವೇ ಮೊದಲನೆಯದು. ಕಾಫಿಯ ಎಲೆತುಕ್ಕು ರೋಗಕ್ಕೆ ಶೇ 0.5ರ, ಕರಿಮೆಣಸಿನ ಸೊರಗು ರೋಗಕ್ಕೆ ಶೇ 1ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮೊದಲು ಹೊಡೆಯುವುದು ನಮ್ಮಲ್ಲಿ ವಾಡಿಕೆ. ಶೇ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬಿಳಿ ಕಾಂಡಕೊರಕಕ್ಕೆ ಅರೇಬಿಕಾ ಗಿಡದ ಕಾಂಡಕ್ಕೆ ಬಳಿಯುವುದೂ ಸುಣ್ಣದ ನೀರನ್ನೇ. ಹೀಗೆ ಮಿಕ್ಕ ಸುಟ್ಟ ಸುಣ್ಣದ ಚೀಲಗಳು ಗೋದಾಮಿನ ಮೂಲೆ ಸೇರಿ, ತಳ ಹರಿದು, ಒಂದು ದಿನ ಗುಡಿಸಿದ ಕಸದೊಂದಿಗೆ ಹೊರಬೀಳುತ್ತವೆ. ಅದು ಜೂನ್, ಜುಲೈ ತಿಂಗಳಾಗಿದ್ದರಂತೂ ಹೊರಗಿಟ್ಟ ಚೀಲಕ್ಕೆ ಮಳೆ ಬಿದ್ದು, ಎತ್ತಲು ಬಂದವರ ಕೈಗೆ ಚೀಲ ಬೆಚ್ಚಗೆ ತಾಗುತ್ತದೆ. ಬೆಚ್ಚಗಿರುವ ಚೀಲವನ್ನು ಮುಟ್ಟಬಾರದು ಎಂಬುದನ್ನು ನಿಮ್ಮ ಕೆಲಸಗಾರರಿಗೆ ಹೇಳಿಕೊಡಿ. ಹೆಗಲಿಗೇರಿಸುವುದನ್ನು ಯಾವ ಚೀಲಕ್ಕೂ ಮಾಡಬಾರದು, ಇದು ನನ್ನ ಅಭಿಪ್ರಾಯ.

ನಿಜ ಹೇಳಬೇಕೆಂದರೆ ಸುಣ್ಣ ಕಸಕ್ಕೆ ಹೋಗಬೇಕಾದ ವಸ್ತುವೇ ಅಲ್ಲ. ಮಿಕ್ಕದ್ದನ್ನು ಡ್ರಮ್ಮಿನಲ್ಲಿ ನೀರಿಟ್ಟು, ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಅರಳಿಸಿದರೆ, ಕಾಂಡಕ್ಕೆ ಬಳಿಯಬಹುದು, ಹುಳಿ ಮಣ್ಣಿಗೆ ಚೆಲ್ಲಬಹುದು. ಸುಣ್ಣದ ಮೇಲೆ ನೀರು ಸುರಿಯುವುದು ಮಾತ್ರ ಕೂಡದು, ಅದು ಸಿಡಿದು ಮುಖಕ್ಕೆ ಹಾರುತ್ತದೆ. ಮೈಲುತುತ್ತವೂ ಹಾಗೆಯೇ, ಒಣಗಿದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮುಂದಿನ ವರ್ಷಕ್ಕಾಗುತ್ತದೆ. ಅದರ ಹರಳು ಕಣ್ಣಿಗೆ ಬಿದ್ದರೆ ತೀವ್ರವಾದ ಗಾಯ ಮಾಡುತ್ತದೆ, ತೋಡಿಗೆ ಸುರಿದರೆ ಮೀನು ಸಾಯುತ್ತವೆ.

ಕಳೆನಾಶಕದ ಬಾಟಲಿಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಚರ್ಮವನ್ನೂ ಉಗುರನ್ನೂ ಹಾಳುಮಾಡುತ್ತದೆ. ಗಾಯವಿರುವ ಚರ್ಮದ ಮೂಲಕ ಮೈಯೊಳಗೂ ಸೇರುತ್ತದೆ, ಒಳಗೆ ಸೇರಿದರೆ ಅದಕ್ಕೆ ನಿರ್ದಿಷ್ಟವಾದ ಪ್ರತಿವಿಷವಿಲ್ಲ. ಔಷಧಿಯ ಬಾಟಲಿಗಳನ್ನು ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿದು, ಬಾಟಲಿಗೆ ತೂತು ಮಾಡಿ ಕೊಡಬೇಕಾದ್ದು ಬೆಳೆಗಾರನ ಕೆಲಸ. ತೂತಿಲ್ಲದ ಔಷಧಿ ಬಾಟಲಿ ಕಂಡರೆ ಅದನ್ನು ತೊಳೆದಿಲ್ಲವೆಂದೇ ತಿಳಿಯಿರಿ.

ಸಂಪಾಜೆ, ಪೆರಾಜೆ, ಕರಿಕೆ ಕಡೆಯ ಒಕ್ಕೂಟದವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಅಲ್ಲಿ ರಬ್ಬರ್ ತೋಟಗಳಿರುವುದರಿಂದ ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಸಿಡ್ಡಿನ ಕ್ಯಾನುಗಳು ಕಸಕ್ಕೆ ಬರುತ್ತವೆ. ಚಿಗಳಿ ಇರುವೆ ಕಚ್ಚಿದಾಗ ಉರಿಸುವುದೂ ಇದೇ ಆಮ್ಲ, ಆದರೆ ಕ್ಯಾನಿನಲ್ಲಿರುವುದು ಸಾಮಾನ್ಯವಾಗಿ ಶೇ 85ರಷ್ಟು ಗಾಢವಾದದ್ದು, ಮೂಗಿಗೆ ಚುಚ್ಚುವ ವಾಸನೆಯಿಂದ ಅದನ್ನು ಗುರುತಿಸಬಹುದು. ಖಾಲಿಯೆಂದು ಕಾಣುವ ಕ್ಯಾನಿನ ತಳದಲ್ಲಿ ಉಳಿದಷ್ಟೇ ಕೈ ಸುಡಲು ಸಾಕು.

ಬ್ಯಾಟರಿಗಳು ಕೊನೆಯದಾಗಿ. ಆನೆ ತಡೆಯಲು ಹಾಕಿದ ಸೋಲಾರ್ ಬೇಲಿಗೂ, ಮಳೆಗಾಲದಲ್ಲಿ ಕರೆಂಟಿಲ್ಲದ ದಿನಗಳ ಇನ್ವರ್ಟರಿಗೂ ನಾವು ಸೀಸದ ಬ್ಯಾಟರಿಗಳನ್ನೇ ಬಳಸುವುದು, ಅವುಗಳೊಳಗೆ ಇರುವುದು ಗಂಧಕಾಮ್ಲ. ಗುಜರಿಯವರು ಒಳ್ಳೆಯ ಬೆಲೆ ಕೊಡುವುದರಿಂದ ಇಡೀ ಬ್ಯಾಟರಿ ಕಸಕ್ಕೆ ಬರುವುದು ಅಪರೂಪ. ಒಡೆದದ್ದು, ಸೋರುತ್ತಿರುವುದು ಮಾತ್ರ ನಿಮ್ಮ ಗಾಡಿಗೆ ಬರುತ್ತದೆ, ಅಪಾಯಕಾರಿಯೂ ಅದೇ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಹಿಂತಿರುಗಿಸಿದರೆ ಈ ಸಮಸ್ಯೆಯೇ ಬರುವುದಿಲ್ಲ.

ಪ್ರತಿಕ್ರಿಯೆ: ಹೋಂಸ್ಟೇ ನಡೆಸುವವರು, ಮಡಿಕೇರಿ ಹತ್ತಿರ

ಹೋಂಸ್ಟೇಯವರ ಮೇಲೆ ಬಂದ ದೂರನ್ನು ಒಪ್ಪುತ್ತೇನೆ. ಆದರೆ ಒಂದು ತೊಂದರೆಯನ್ನೂ ಗಮನಿಸಬೇಕು. ಶೌಚಾಲಯದ ಆಸಿಡ್, ಕೊಳವೆ ಕಟ್ಟಿದಾಗ ಹಾಕುವ ಪುಡಿ, ಬ್ಲೀಚಿಂಗ್ ಪೌಡರ್, ಟೈಲ್ಸಿನ ತುಕ್ಕು ಕಲೆ ತೆಗೆಯುವ ದ್ರಾವಣ, ಈಜುಕೊಳ ಇದ್ದವರಿಗೆ ಕ್ಲೋರಿನ್ನು, ಇವೆಲ್ಲ ನಮಗೆ ಬೇಕೇ ಬೇಕು. ಅರ್ಧ ಉಳಿದು ಗಟ್ಟಿಯಾದ ಅಥವಾ ಹಳೆಯದಾದ ಬಾಟಲಿಯನ್ನು ಗಾಡಿಯವರು ತೆಗೆದುಕೊಳ್ಳದಿದ್ದರೆ ನಾವು ಏನು ಮಾಡಬೇಕು? ಹೂಳಿದರೆ ಬಾವಿ ನೀರಿಗೆ ಇಳಿಯುತ್ತದೆ, ಸುಟ್ಟರೆ ಹೊಗೆ. ಬೇಡವೆಂದು ಹೇಳುವುದು ಸುಲಭ. ಎಲ್ಲಿಗೆ ಕೊಡಬೇಕೆಂದು ಹೇಳುವವರು ಬೇಕಾಗಿದ್ದಾರೆ.

ಉತ್ತರ: ನಿವೃತ್ತ ಆರೋಗ್ಯ ನಿರೀಕ್ಷಕ

ಮೇಲಿನವರ ಪ್ರಶ್ನೆ ಸರಿಯಾದದ್ದು. ಕೇಂದ್ರ ಸರ್ಕಾರದ 2016ರ ಘನ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಹಸಿ ಕಸ, ಒಣ ಕಸಗಳ ಜೊತೆಗೆ ಮನೆಯ ಅಪಾಯಕಾರಿ ಕಸ ಎಂಬ ಮೂರನೆಯ ವಿಭಾಗವನ್ನು ಮಾಡಿ, ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಬ್ಯಾಟರಿ, ಟ್ಯೂಬ್‌ಲೈಟು, ಅವಧಿ ಮೀರಿದ ಔಷಧಿ ಮುಂತಾದವನ್ನು ಅದರಲ್ಲಿ ಸೇರಿಸಲಾಗಿತ್ತು. ನಗರ, ಪಟ್ಟಣಗಳಲ್ಲಿ ಪ್ರತಿ 20 ಚದರ ಕಿಲೋಮೀಟರಿಗೆ ಇಂತಹ ಕಸವನ್ನು ತಂದೊಪ್ಪಿಸುವ ಒಂದು ಕೇಂದ್ರವಿರಬೇಕೆಂದೂ, ಕಸ ನಿರ್ವಹಿಸುವ ಕೆಲಸಗಾರರಿಗೆ ಸಮವಸ್ತ್ರ, ಕೈಗವಸು, ರೇನ್‌ಕೋಟು, ತಕ್ಕ ಪಾದರಕ್ಷೆ, ಮುಖಗವಸುಗಳನ್ನು ಒದಗಿಸಬೇಕೆಂದೂ ಅದರಲ್ಲಿ ಹೇಳಲಾಗಿತ್ತು. ಆ ನಿಯಮಗಳ ವ್ಯಾಪ್ತಿ ಮುಖ್ಯವಾಗಿ ಪಟ್ಟಣಗಳದ್ದಾಗಿತ್ತು. ಹಳ್ಳಿಯ ಪಂಚಾಯಿತಿಗಳು ತಮ್ಮ ಉಪವಿಧಿಗಳಲ್ಲಿ ಇದನ್ನು ಬರೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ಮೇಲ್ವಿಚಾರಕಿಯವರು ಮಾಡಬೇಕಾದ ಮೊದಲ ಕೆಲಸವೆಂದರೆ, ಗುರುತಿಲ್ಲದ ದ್ರವ, ಪುಡಿ, ಸೋರುವ ಡಬ್ಬಿ, ಬೆಚ್ಚಗಿರುವ ಅಥವಾ ಉಬ್ಬಿದ ಪಾತ್ರೆಗಳನ್ನು ಗಾಡಿಯವರು ನಿರಾಕರಿಸಬಹುದು ಎಂಬ ಒಂದು ಸಾಲನ್ನು ಪಂಚಾಯಿತಿ ಸಭೆಯಲ್ಲಿ ನಿರ್ಣಯವಾಗಿ ಬರೆಸುವುದು. ಬಾಯಿಮಾತಿನ ನಿರಾಕರಣೆ ಗಾಡಿಯ ಮುಂದೆ ಜಗಳವಾಗಿ ಮುಗಿಯುತ್ತದೆ, ನಿರ್ಣಯದ ಪ್ರತಿ ಕೈಯಲ್ಲಿದ್ದರೆ ಹಾಗಾಗುವುದಿಲ್ಲ.

ನಿರಾಕರಿಸಿದ ಮೇಲೆ ಅದಕ್ಕೊಂದು ದಾರಿಯನ್ನೂ ಕೊಡಬೇಕು. ಮಾಲೀಕರು ಅಂತಹ ವಸ್ತುವನ್ನು ಮೂಲ ಬಾಟಲಿಯಲ್ಲಿಯೇ, ಮುಚ್ಚಳ ಬಿಗಿದು, ಹೆಸರು ಬರೆದು, ಚೀಲದಲ್ಲಿ ಹಾಕದೆ ನೆಟ್ಟಗೆ ನಿಲ್ಲಿಸಿ ಬೇರೆ ಕೊಡಲಿ. ಗಾಡಿಯಲ್ಲಿ ಅದಕ್ಕೆಂದು ಅಂಚೆತ್ತರದ ಪ್ಲಾಸ್ಟಿಕ್ ಟ್ರೇಗಳಿರಲಿ, ತಿಂಗಳಿಗೊಂದು ದಿನ ಅದಕ್ಕೇ ಮೀಸಲಾಗಿರಲಿ. ಟ್ರೇ ಒಂದೇ ಆಗಿರಬಾರದು. ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಒಂದೇ ಕಡೆ ಸೋರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ, ಅದು ಚರ್ಮವನ್ನು ಬಿಟ್ಟು ಶ್ವಾಸಕೋಶಕ್ಕೇ ಕೈಹಾಕುತ್ತದೆ. ಅಂತಹ ಘಾಟು ಬಂದರೆ ಚೀಲವನ್ನು ಬಿಟ್ಟು ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ದೂರ ಹೋಗಬೇಕು. ಕೆಮ್ಮು ನಿಂತರೂ ಉಸಿರಿನ ತೊಂದರೆ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದಾದ್ದರಿಂದ ವೈದ್ಯರಿಗೆ ತೋರಿಸಲೇಬೇಕು. ಕೊಳವೆ ಬಿಡಿಸುವ ಪುಡಿಗಳಲ್ಲಿ ಕಾಸ್ಟಿಕ್ ಸೋಡಾದ ಜೊತೆ ಅಲ್ಯೂಮಿನಿಯಂ ಚೂರುಗಳೂ ಇರುವುದುಂಟು. ಅದಕ್ಕೆ ನೀರು ಸೇರಿ ಮುಚ್ಚಳ ಬಿಗಿದಿದ್ದರೆ ಒಳಗೆ ಅನಿಲ ತುಂಬಿ ಬಾಟಲಿ ಸಿಡಿಯುತ್ತದೆ. ಉಬ್ಬಿದ ಬಾಟಲಿಯ ಬಗ್ಗೆ ನಾನು ಹೇಳಿದ್ದು ಇದಕ್ಕಾಗಿ. ಶೌಚಾಲಯದ ಆಸಿಡ್ಡನ್ನಂತೂ ಎಸೆಯುವ ಅಗತ್ಯವೇ ಇಲ್ಲ, ಅದನ್ನು ಬಳಸಬೇಕಾದ ಜಾಗದಲ್ಲಿಯೇ ಪೂರ್ತಿ ಬಳಸಿ, ಬಾಟಲಿಯನ್ನು ಅಲ್ಲಿಯೇ ಜಾಲಿಸಿ ಕೊಟ್ಟರಾಯಿತು.

ಕೈಗವಸಿನ ಬಗ್ಗೆ: ನೂಲಿನದು ಗಾಜಿಗೆ ಸರಿ, ರಾಸಾಯನಿಕಕ್ಕೆ ಬರಿಗೈಗಿಂತಲೂ ಕೆಟ್ಟದ್ದು, ಏಕೆಂದರೆ ಅದು ದ್ರವವನ್ನು ಹೀರಿ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಆಸ್ಪತ್ರೆಯಲ್ಲಿ ಬಳಸುವ ತೆಳುವಾದದ್ದು ಮೊದಲ ಚೀಲಕ್ಕೇ ಹರಿಯುತ್ತದೆ. ಮೊಣಕೈ ಹತ್ತಿರದವರೆಗೆ ಬರುವ ದಪ್ಪ ಪಿವಿಸಿ ಕೈಗವಸನ್ನು ಮೇಲೆ, ಬೆವರಿಗೆ ಬೇಕಾದರೆ ತೆಳುವಾದ ನೂಲಿನದನ್ನು ಒಳಗೆ ಹಾಕಿಕೊಳ್ಳುವುದು ಅನುಕೂಲ. ಫಾರ್ಮಿಕ್ ಆಸಿಡ್ ಬರುವ ಊರುಗಳಲ್ಲಿ ನೈಟ್ರೈಲ್ ರಬ್ಬರಿನ ಕೈಗವಸು ಸಾಲದು, ನಿಯೋಪ್ರೀನ್ ರಬ್ಬರಿನದು ಸಿಕ್ಕರೆ ಒಳ್ಳೆಯದು. ಪ್ಯಾಂಟಿನ ಅಂಚು ಗಂಬೂಟಿನ ಹೊರಗಿರಲಿ. ಒಳಗೆ ತುರುಕಿದರೆ ಮೇಲಿಂದ ಸುರಿದದ್ದು ಬೂಟಿನೊಳಗೆ ನಿಂತು ಪಾದ ಸುಡುತ್ತದೆ. ಜಿಗಣೆಯ ಕಾಲದಲ್ಲಿ ಈ ಮಾತಿಗೆ ಯಾರೂ ಕಿವಿಗೊಡುವುದಿಲ್ಲ ಎಂಬುದು ನನಗೆ ಗೊತ್ತು, ಆಗ ಉದ್ದನೆಯ ಕಾಲುಚೀಲ ಹಾಕಿ ಪ್ಯಾಂಟನ್ನು ಹೊರಗೆ ಬಿಡಬಹುದು. ಕನ್ನಡಕ ಕೊಟ್ಟರೆ ನಮ್ಮ ಮಂಜಿನಲ್ಲಿ ಹಬೆ ಕಟ್ಟಿ ಹಣೆಯ ಮೇಲೇರುತ್ತದೆ. ಮುಖದ ಮುಂದೆ ಇಳಿಬೀಳುವ ಪಾರದರ್ಶಕ ಹಾಳೆಯನ್ನು ಜನ ಹೆಚ್ಚು ಹೊತ್ತು ಹಾಕಿಕೊಳ್ಳುತ್ತಾರೆ, ಗಾಡಿಗೆ ಸುರಿಯುವ ಹೊತ್ತಿಗಾದರೂ ಅದು ಮುಖದ ಮೇಲಿರಲಿ.

ಪಟ್ಟಣಗಳಲ್ಲಿ ಕಸ ಒತ್ತುವ ಯಂತ್ರವಿರುವ ಲಾರಿಗಳ ಹಿಂದೆ ಕೆಲಸ ಮಾಡುವವರಿಗೆ ಅಪಾಯ ಇನ್ನೂ ಹೆಚ್ಚು. 1996ರ ನವೆಂಬರಿನಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಕಸದ ಲಾರಿಯ ಒತ್ತುಯಂತ್ರಕ್ಕೆ ಸಿಕ್ಕ ಪಾತ್ರೆಯೊಂದು ಒಡೆದು, ಅದರಲ್ಲಿದ್ದ ಶೇ 70ರ ಹೈಡ್ರೋಫ್ಲೋರಿಕ್ ಆಮ್ಲ ಚಿಮ್ಮಿ ನೈರ್ಮಲ್ಯ ಕಾರ್ಮಿಕರೊಬ್ಬರು ಪ್ರಾಣ ಕಳೆದುಕೊಂಡರು. ಸಾಮಾನ್ಯ ಕಸದೊಂದಿಗೆ ಹಾಕಬಾರದ ವಸ್ತುವನ್ನು ಯಾರೋ ಹಾಕಿದ್ದರು, ಅಷ್ಟೇ. ಯಂತ್ರ ಒತ್ತುವಾಗ ಹಿಂಬದಿಯ ಬಾಯಿಗೆ ನೇರವಾಗಿ ನಿಲ್ಲದೆ ಪಕ್ಕಕ್ಕೆ ಸರಿಯಬೇಕು ಎಂಬ ನಿಯಮವನ್ನು ಎಲ್ಲ ಕಡೆ ಕಲಿಸುವುದು ಇಂತಹ ಅನಾಹುತಗಳ ಕಾರಣದಿಂದ. ನಿಮ್ಮ ಚಿಕ್ಕ ಗಾಡಿಯಲ್ಲಿ ಯಂತ್ರವಿಲ್ಲದಿದ್ದರೂ, ಜಾಗ ಮಾಡಲು ಚೀಲಗಳ ಮೇಲೆ ಹತ್ತಿ ಕಾಲಿನಿಂದ ತುಳಿಯುವ ಪದ್ಧತಿ ಇದ್ದರೆ ಅದನ್ನು ಇಂದೇ ನಿಲ್ಲಿಸಿ.

ಖರ್ಚಿನ ವಿಷಯ. ಕೆಲಸದ ವೇಳೆ, ಕೆಲಸದ ಕಾರಣದಿಂದ ಆದ ಗಾಯಕ್ಕೆ ಕೆಲಸ ಕೊಟ್ಟವರು ಪರಿಹಾರ ಕೊಡಬೇಕೆಂಬ ತತ್ವ 1923ರ ಕಾಯ್ದೆಯ ಕಾಲದಿಂದಲೂ ನಮ್ಮ ಕಾನೂನಿನಲ್ಲಿದೆ. ತೊಡಕಿರುವುದು, ನಿಮ್ಮ ಸಂದರ್ಭದಲ್ಲಿ ಕೆಲಸ ಕೊಟ್ಟವರು ಪಂಚಾಯಿತಿಯೋ ಒಕ್ಕೂಟವೋ ಎಂಬಲ್ಲಿ. ಪಂಚಾಯಿತಿಯೊಂದಿಗಿನ ಒಪ್ಪಂದ ಪತ್ರವನ್ನು ತೆಗೆದು ನೋಡಿ. ಚಿಕಿತ್ಸೆ, ವಿಮೆ, ರಕ್ಷಣಾ ಸಾಮಗ್ರಿ ಈ ಮೂರರ ಹೊಣೆ ಯಾರದೆಂದು ಬರೆದಿಲ್ಲದಿದ್ದರೆ ನವೀಕರಿಸುವಾಗ ಬರೆಸಿ. ಗಾಯವಾದ ದಿನವೇ ಗಾಡಿಯ ಪುಸ್ತಕದಲ್ಲಿ ಸಮಯ, ಸ್ಥಳ, ಯಾವ ಚೀಲ ಎಂದು ದಾಖಲಿಸಿ, ಬಾಟಲಿಯ ಚೀಟಿ ಕಾಣುವಂತೆ ಫೋಟೋ ತೆಗೆದು, ಆಸ್ಪತ್ರೆಯ ಚೀಟಿಯಲ್ಲಿ ಕೆಲಸದ ವೇಳೆ ಆದ ಗಾಯವೆಂದು ಬರೆಸಿಕೊಳ್ಳಿ. ಆ ಫೋಟೋ ವೈದ್ಯರಿಗೂ ಬೇಕಾಗುತ್ತದೆ.

ಮರುಪ್ರಶ್ನೆ: ಒಕ್ಕೂಟದ ಮೇಲ್ವಿಚಾರಕಿ

ಎಲ್ಲರಿಗೂ ಧನ್ಯವಾದಗಳು. ನೀರಿನ ಕ್ಯಾನ್, ಬೆಡ್‌ಶೀಟುಗಳನ್ನು ಈ ವಾರವೇ ಗಾಡಿಗೆ ಇರಿಸುತ್ತೇವೆ, ನಿರ್ಣಯದ ಕರಡನ್ನು ಅಧ್ಯಕ್ಷರಿಗೆ ಕೊಡುತ್ತೇನೆ. ಒಂದು ಸಂದೇಹ ಉಳಿದಿದೆ. ಹೋಂಸ್ಟೇಯವರು ಹೇಳಿದ ಟೈಲ್ಸಿನ ತುಕ್ಕು ಕಲೆ ತೆಗೆಯುವ ದ್ರಾವಣವೂ, ನಿರೀಕ್ಷಕರು ಬರೆದ ನ್ಯೂಯಾರ್ಕಿನ ಆಮ್ಲವೂ ಒಂದೇ ಜಾತಿಯವೇ? ಹಾಗಿದ್ದರೆ ಅದಕ್ಕೂ ನೀರೇ ಸಾಕೇ?

ಉತ್ತರ: ಶುಶ್ರೂಷಕಿ, ವಿರಾಜಪೇಟೆ

ಎಲ್ಲವೂ ಅಲ್ಲ, ಕೆಲವು ಮಾತ್ರ. ತುಕ್ಕು ಕಲೆ ಮತ್ತು ಕಲ್ಲು ತೊಳೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಾಗಲಿ ಅಮೋನಿಯಂ ಬೈಫ್ಲೋರೈಡ್ ಆಗಲಿ ಇರುತ್ತದೆ. ಬಾಟಲಿಯ ಮೇಲೆ ಫ್ಲೋರೈಡ್ ಅಥವಾ ಫ್ಲೋರಿಕ್ ಎಂಬ ಪದ ಕಂಡರೆ ಅದನ್ನು ಇದೇ ಜಾತಿಯದೆಂದು ತಿಳಿಯಬೇಕು. ಇದರ ಸ್ವಭಾವ ಬೇರೆ ಆಸಿಡ್ಡುಗಳಂತಲ್ಲ. ಕಡಿಮೆ ಗಾಢತೆಯದು ತಾಗಿದಾಗ ಚರ್ಮದ ಮೇಲೆ ಏನೂ ಕಾಣಿಸದೆ, ಗಂಟೆಗಳು ಕಳೆದ ಮೇಲೆ, ಕೆಲವೊಮ್ಮೆ ಮರುದಿನ, ಮೂಳೆಯೊಳಗಿನಿಂದ ಬಂದಂತಹ ತಡೆಯಲಾಗದ ನೋವು ಶುರುವಾಗುತ್ತದೆ. ಅದರ ಫ್ಲೋರೈಡು ಒಳಗಿಳಿದು ದೇಹದ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಹೃದಯದ ಬಡಿತವೇ ಏರುಪೇರಾಗುತ್ತದೆ.

ಮೊದಲ ಕೆಲಸ ಇದಕ್ಕೂ ನೀರೇ, ಕೂಡಲೇ ತೊಳೆಯಿರಿ. ಆದರೆ ನೀರಿಗೇ ನಿಲ್ಲಬಾರದು. ಇದಕ್ಕೆ ಶೇ 2.5ರ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ಲನ್ನು ಗಾಯಕ್ಕೆ ತಿಕ್ಕಬೇಕಾಗುತ್ತದೆ, ಚುಚ್ಚುಮದ್ದೂ ಬೇಕಾಗಬಹುದು, ಹಾಗಾಗಿ ನೋವಿಲ್ಲದಿದ್ದರೂ ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಕರೆತನ್ನಿ. ಹೊರಡುವ ಮೊದಲು ಫೋನಿನಲ್ಲಿ ಬಾಟಲಿಯ ಮೇಲಿನ ಹೆಸರನ್ನು ಓದಿ ಹೇಳಿದರೆ ಜೆಲ್ ಇದೆಯೇ, ಇಲ್ಲದಿದ್ದರೆ ಎಲ್ಲಿಂದ ತರಿಸಬೇಕು ಎಂಬ ಸಿದ್ಧತೆಗೆ ನಮಗೆ ದಾರಿಯ ಹೊತ್ತು ಸಿಗುತ್ತದೆ. ಬಾಟಲಿಯನ್ನೇ ತರುವುದಾದರೆ ಎರಡು ಪ್ಲಾಸ್ಟಿಕ್ ಚೀಲಗಳೊಳಗೆ ನೆಟ್ಟಗೆ ಇಟ್ಟು, ರೋಗಿಯಿಂದ ದೂರ, ಗಾಡಿಯ ಹಿಂಭಾಗದಲ್ಲಿ ತನ್ನಿ.